ಕೂಲರಿನ ಮುಂದೆ ಹುಟ್ಟಿದ ಹೊಸ ಜಾತಿ

ನಿವೃತ್ತರಾದ ಗಂಡಸರಿಗೆ ಸರಕಾರ ಪಿಂಚಣಿ ಕೊಟ್ಟರೆ ಸಾಲದು, ಹೊತ್ತು ಕಳೆಯಲು ಒಂದು ಕೆಲಸವನ್ನೂ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮವರನ್ನೇ ನೋಡಿ. ಧಾರವಾಡದಿಂದ ರೈಲ್ವೆ ನೌಕರಿಗೆಂದು ನಾಗಪುರಕ್ಕೆ ಬಂದು, ಇಲ್ಲೇ ನಿವೃತ್ತರಾಗಿ, ಈಗ ಸಸ್ಯವಿಜ್ಞಾನಿಯಾಗಿದ್ದಾರೆ. ಕೊತ್ತಂಬರಿ ತನ್ನಿ ಎಂದರೆ ಮೆಂತ್ಯ ತರುವ ಮಹಾನುಭಾವರು!

ಈ ಬೇಸಿಗೆಯಲ್ಲಿ ಊರಾಚೆಯ ಕಲ್ಲುಗುಡ್ಡದಿಂದ ಲೋಳೆಸರದಂಥ ದಪ್ಪ ಎಲೆಯ ಗಿಡವೊಂದನ್ನು ಕಿತ್ತು ತಂದರು. ಕಾದ ಬಂಡೆಯ ಮೇಲೆ ಹಾಯಾಗಿದ್ದ ಗಿಡ. ಅದು ನಾಗಪುರದ ಬಿಸಿಲು ತಡೆಯಲಿಕ್ಕಿಲ್ಲ ಎಂದು ಕನಿಕರಪಟ್ಟು, ಕುಂಡಕ್ಕೆ ಹಾಕಿ, ಕೂಲರಿನ ಮುಂದೆಯೇ ಸ್ಟೂಲಿನ ಮೇಲೆ ಕೂಡಿಸಿದರು. ಈ ಊರಿನ ಬೇಸಿಗೆಯಲ್ಲಿ ಕೂಲರಿನ ಮುಂದಿನ ಜಾಗವೆಂದರೆ ಸಿಂಹಾಸನ, ಅದು ನನ್ನದಾಗಿತ್ತು. ಗಿಡ ತಂಪಾಗಿ ಕುಳಿತಿತು, ನಾನು ಬೆವರುತ್ತ ಅಡುಗೆಮನೆ ಸೇರಿದೆ.

ತಿಂಗಳೊಪ್ಪತ್ತಿನಲ್ಲಿ ಎಲೆಗಳ ಮೇಲೆ ಬಿಳಿ ಚುಕ್ಕೆಗಳು ಮೂಡಿದವು.

"ಏ ಸುಮಿತ್ರಾ, ಜಲ್ದಿ ಬಾ ಇಲ್ಲೆ! ಇಂಥಾ ಗಿಡ ಜಗತ್ತಿನ್ಯಾಗ ಯಾರೂ ನೋಡಿಲ್ಲ. ಹೊಸಾ ಜಾತಿ ಐತಿ ಇದು!"

"ಬರೋಬರ್ ರೀ. ಮನ್ಯಾಗ ಕುಂತು ಕಂಡುಹಿಡಿದ್ರಿ" ಎಂದು ನಕ್ಕೆ.

"ನಗಬ್ಯಾಡ. ನಿನ್ನ ಹೆಸರ ಇಡತೇನಿ ಇದಕ್ಕ" ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಹುಬ್ಬಳ್ಳಿಯ ನಮ್ಮ ಅಕ್ಕ ಗುಡಿಗೆ ಫ್ಯಾನು ಕೊಟ್ಟು ಅದರ ರೆಕ್ಕೆಯ ಮೇಲೆ ತನ್ನ ಹೆಸರು ಬರೆಸಿದವಳು. ತಿರುಗುವಾಗ ಯಾರಿಗೂ ಕಾಣದ ಆ ಹೆಸರಿನ ಜಂಬವನ್ನು ವರ್ಷಗಟ್ಟಲೆ ಕೇಳಿದ್ದೇನೆ. ಅವತ್ತೇ ಫೋನು ಹಚ್ಚಿ, "ಅಕ್ಕಾ, ವಿಜ್ಞಾನದಾಗ ನನ್ನ ಹೆಸರು ಬರತೈತಿ" ಎಂದುಬಿಟ್ಟೆ. ಅಕ್ಕ "ಏನಂದೀ?" ಎಂದು ಎರಡೆರಡು ಸಲ ಕೇಳಿದಳು. ಆಹಾ, ಈ ಜನ್ಮದಲ್ಲಿ ಅಂಥ ಸುಖ ಕಂಡಿರಲಿಲ್ಲ! ಆಮೇಲೆ, "ಬರೂ ತಿಂಗಳ ನಾನೇ ಬಂದು ನೋಡತೇನಿ" ಎಂದಳು.

ಈ ನಡುವೆ ನಮ್ಮವರು ಸಸ್ಯಶಾಸ್ತ್ರದ ಪ್ರೊಫೆಸರೊಬ್ಬರನ್ನು ಮನೆಗೆ ಕರೆತಂದರು. ಅವರು ಭೂತಗನ್ನಡಿಯಲ್ಲಿ ಗಿಡ ನೋಡಿ, ತಲೆಯೆತ್ತಿ ಕೂಲರು ನೋಡಿ, "ವಹಿನಿ, ಲಿಂಬು ಆಹೇ ಕಾ?" ಎಂದು ಮರಾಠಿಯಲ್ಲಿ ನಿಂಬೆಹಣ್ಣು ಕೇಳಿದರು. ಶರಬತ್ತಿಗಿರಬೇಕೆಂದು ಓಡಿಹೋಗಿ ನಿಂಬೆಹಣ್ಣು ಹೆಚ್ಚಿ ತಂದೆ. ಅವರು ಒಂದು ಹೋಳೆತ್ತಿ ಎಲೆಗೆ ತಿಕ್ಕಿದರು. ಚುಕ್ಕೆಗಳು ಮಾಯ! ನಮ್ಮ ಬೋರ್‌ವೆಲ್ಲಿನ ಸವಳು ನೀರನ್ನು ಕೂಲರು ದಿನವಿಡೀ ಎರಚಿದ್ದರಿಂದ ಎಲೆಯ ಮೇಲೆ ಒಣಗಿದ, ಹುಳಿಗೆ ಕರಗುವ ಸುಣ್ಣದುಪ್ಪು ಅದು. ಗಿಡವೋ, ಗುಡ್ಡದ ತುಂಬ ಬೆಳೆಯುವಂಥದ್ದೇ ಅಂತೆ.

ಸಂಜೆಯ ತನಕ ನಮ್ಮವರ ಮರ್ಯಾದೆಯನ್ನು ಹರಾಜು ಹಾಕಿದೆ. ಅವರು ಮೋರೆ ಸಣ್ಣದು ಮಾಡಿಕೊಂಡು ಕುಂಡವನ್ನು ಅಂಗಳಕ್ಕೆ ಒಯ್ದಿಟ್ಟರು.

ಮರುದಿನ ಅವರು ವಾಕಿಂಗಿಗೆ ಹೊರಟದ್ದೇ ತಡ, ನಾನು ಕುಂಡವನ್ನು ಒಳತಂದು ಕೂಲರಿನ ಮುಂದೆ ಕೂಡಿಸಿ, ಕೂಲರನ್ನು ಜೋರಾಗಿ ಹಚ್ಚಿದೆ. ಅಕ್ಕ ಬರುವುದರೊಳಗೆ ಚುಕ್ಕೆ ಮೂಡಬೇಕಲ್ಲ! ಮನೆಯಲ್ಲಿದ್ದ ನಿಂಬೆಹಣ್ಣುಗಳನ್ನೆಲ್ಲ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದೇನೆ.