ಅಜ್ಜಿ ತಟ್ಟದ ಗುಡಾಣ

ಮಣ್ಣಿನ ಕೆಲಸ ಮಾಡುವವರಿಗೆ ಫಜೀತಿ ತಪ್ಪಿದ್ದಲ್ಲ. ನಮ್ಮ ಮನೆಯಲ್ಲಿ ಅಜ್ಜಿಯೂ ಇರುವುದರಿಂದ ಅದು ಎರಡರಷ್ಟು. ತಾತ ಮಾಡಿದ ಮಡಕೆಗಳನ್ನು ತಲೆಯ ಮೇಲೆ ಹೊತ್ತು ತಾಳವಾಡಿ ಸುತ್ತ ಮಾರಿದವಳು ಅವಳು. ಬೆರಳು ಮಡಿಸಿ ತಟ್ಟಿದರೆ ಮಡಕೆಯ ಜಾತಕವನ್ನೇ ಹೇಳುತ್ತಾಳೆ.

೧. ಯಾರ ಕಡೆ?

ಸತ್ಯಮಂಗಲದಿಂದ ಬಂದ ಒಬ್ಬ ಹೆಂಗಸು ನಾನು ಮಾಡಿದ ಹೂಜಿಯೊಂದನ್ನು ಮೆಚ್ಚಿ ಕೈಗೆತ್ತಿಕೊಂಡರು. ಪಕ್ಕದಲ್ಲಿದ್ದ ಅಜ್ಜಿ ಅದನ್ನು ಇಸಕೊಂಡು ತಟ್ಟಿದಳು.

"ಸ್ವರ ಸರಿಯಿಲ್ಲ ಕಣವ್ವ, ತಕ್ಕಬ್ಯಾಡ."

ಅವರಿಗೆ ಅರ್ಥವಾಗದೆ ಹೋದೀತೆಂದು ತಮಿಳಿನಲ್ಲೂ ಹೇಳಿದಳು.

೨. ಮೂರನೆಯದು

ಚಿಕ್ಕಂದಿನಲ್ಲಿ ನಾನು ಅಡಗಿ ಕೂರುತ್ತಿದ್ದದ್ದು ತಾತ ಮಾಡಿದ, ರಾಗಿ ತುಂಬಿಡುವ ದೊಡ್ಡ ಗುಡಾಣದಲ್ಲಿ. ಅಂಥದ್ದೇ ಒಂದನ್ನು ಕೊಯಮತ್ತೂರಿನ ಪ್ರದರ್ಶನಕ್ಕೆ ಮಾಡಲು ಹೊರಟೆ. ಮೊದಲ ಎರಡು ಸುಡುವಾಗ ಗೂಡಿನಲ್ಲೇ ಸೀಳಿಹೋದವು. ಮೂರನೆಯದು ಇಡಿಯಾಗಿ ಹೊರಬಂತು. ಅಜ್ಜಿಯ ಬಾಯಿಂದ ಒಂದು ಒಳ್ಳೆ ಮಾತು ಬರಲಿ, ಬಹುಮಾನ ಹಾಳಾಗಿ ಹೋಗಲಿ ಅನ್ನಿಸಿತ್ತು ನನಗೆ. ಅವಳು ತಟ್ಟಲೇ ಇಲ್ಲ.

"ಯಾಕಜ್ಜಿ?"

"ಒಡೆದೋದ್ರೆ ಅಳ್ತೀಯಲ್ಲ ಮಗ, ಅದಕ್ಕೆ."

೩. ಬರಿ ಮಡಕೆ

ಹೊರಡುವ ದಿನ ಬೆಳಿಗ್ಗೆ ಗುಡಾಣಕ್ಕೆ ಕಂಬಳಿ ಸುತ್ತಿ ಪಿಕಪ್ ಗಾಡಿಯ ಹಿಂದೆ ಕಟ್ಟಿದೆವು. ಅದರ ಬಾಯಿಗೆ ಬಟ್ಟೆ ಬಿಗಿದವಳು ಅಜ್ಜಿ. ಚಾಲಕನ ಜೊತೆ ನಾವಿಬ್ಬರೂ ಮುಂದೆ ಕೂತೆವು. ತಾಳಮಲೆ ದಾಟಿದ ಮೇಲೆ ದಾರಿಗೆ ಅಡ್ಡವಾಗಿ ಒಂಟಿ ಆನೆ. ಚಾಲಕ ಗಾಡಿ ನಿಲ್ಲಿಸಿದ. ಆನೆ ನಮ್ಮನ್ನು ದಾಟಿ ನೇರ ಹಿಂದಕ್ಕೆ ಹೋಯಿತು.

"ಇಂದ್ಗಡೆ ಏನದಕ್ಕ?" ಚಾಲಕ ಪಿಸುಗುಟ್ಟಿದ.

"ಬರಿ ಗುಡಾಣ."

"ಬರಿದಲ್ಲ," ಎಂದಳು ಅಜ್ಜಿ. "ಬರಿ ಮಡಕೇನ ಮನೆಯಿಂದ ಈಚೆ ಕಳುಸ್ದಾರ? ನಾಕು ಸೇರು ರಾಗಿ ಆಕಿವ್ನಿ."

ಹಿಂದಿನ ಗಾಜಿನಲ್ಲಿ ನೋಡಿದೆ. ಸೊಂಡಿಲು ಬಟ್ಟೆ ಕಿತ್ತೆಸೆದು ಗುಡಾಣದೊಳಗೆ ಇಳಿಯಿತು. ನನ್ನ ಎರಡು ತಿಂಗಳ ಕೆಲಸ ಆನೆಯ ಒಂದು ಸೀನಿನ ಮೇಲೆ ನಿಂತಿತ್ತು. ಚಾಲಕ ಮನೆದೇವರನ್ನು ಕರೆಯುತ್ತಿದ್ದ. ಅಜ್ಜಿ ಮಾತ್ರ, "ನಿದಾನ ಕಣಪ್ಪ, ನಿದಾನುಕ್ಕೆ ತಿನ್ನು," ಎಂದು ಉಪಚಾರ ಮಾಡುತ್ತಿದ್ದಳು.

ರಾಗಿ ಮುಗಿಯಿತು. ಆನೆ ಸೊಂಡಿಲಿನಿಂದ ಗುಡಾಣವನ್ನು ಒಮ್ಮೆ ನೂಕಿ ನೋಡಿ ಕಾಡಿಗಿಳಿಯಿತು. ಗುಡಾಣಕ್ಕೆ ಏನೂ ಆಗಿರಲಿಲ್ಲ. ದಿಂಬಂನಲ್ಲಿ ಚಾಲಕ ಮೂರು ಟೀ ಹೇಳಿದ, ಮೂರನ್ನೂ ಅವನೇ ಕುಡಿದ.

೪. ಮುಟ್ಟಬೇಡಿ

ಪ್ರದರ್ಶನದಲ್ಲಿ ಗುಡಾಣದ ಮುಂದೆ ತಮಿಳಿನಲ್ಲಿ ಒಂದು ಫಲಕ ಇಟ್ಟಿದ್ದರು.

"ಏನು ಬರ್ದವ್ರ?" ಎಂದು ಕೇಳಿದಳು ಅಜ್ಜಿ.

"ಮುಟ್ಟಬೇಡಿ ಅಂತ."

"ಆನೆನೇ ಮುಟ್ಬುಟ್ಟು ಓಯ್ತು, ನಾ ಮುಟ್ಬಾರ್ದಾ?"

ತಡೆಯುವಷ್ಟರಲ್ಲಿ ಬೆರಳು ಮಡಿಸಿಯಾಗಿತ್ತು. ಮೇಲ್ವಿಚಾರಕಿ ಓಡಿ ಬಂದರು. ಸಭಾಂಗಣವೆಲ್ಲ ನಮ್ಮ ಕಡೆ ತಿರುಗಿತು. ನಾನು ಕಣ್ಣು ಮುಚ್ಚಿಕೊಂಡೆ.

ಠಣ್!

ಅಜ್ಜಿ ಕಿವಿಗೊಟ್ಟು ಕೇಳಿ, ಇನ್ನೊಂದು ಸಲ ತಟ್ಟಿದಳು. "ರಾಗಿ ತುಂಬಬೌದು," ಎಂದಳು.

ತಾತನ ಮಡಕೆಗಳಿಗೆ ಮಾತ್ರ ಅವಳು ಹೇಳುತ್ತಿದ್ದ ಮಾತು ಅದು. ನಾನು ಅಲ್ಲೇ, ಅಷ್ಟು ಜನರ ಮುಂದೆ, ಗಳಗಳನೆ ಅತ್ತುಬಿಟ್ಟೆ.

ಅಜ್ಜಿ ಮೇಲ್ವಿಚಾರಕಿಯ ಕಡೆ ತಿರುಗಿದಳು: "ಒಡೆದ್ರೆ ಅಳ್ತಳ ಅಂತ ಇಷ್ಟು ದಿನ ತಟ್ನಿಲ್ಲ. ನೋಡವ್ವ, ಒಡೀದೆ ಇದ್ರೂ ಅಳ್ತಳ!"