ನಾಲ್ಕಾಳು ನೀರು

ಡಬ್ಬಿ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದು, ಅಷ್ಟೇ. ಕುಣಿಗಲ್ಲಿನ ಮೋಟರ್ ಮೆಕ್ಯಾನಿಕ್ ಅನಂತರಾಜು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದಾ? ಇದನ್ನ ಕೂರ್ಸಕ್ಕೆ ತುಮಕೂರಲ್ಲಿ ಯಾರೂ ಸಿಗ್ಲಿಲ್ವಂತಾ?" ಎಂದು ನಕ್ಕಿದ್ದೇ ಎಲ್ಲ ಫಜೀತಿಗೂ ಮೂಲ.

ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಹೂಳು ಎಷ್ಟಿದೆ ಎಂದು ಅಳೆಯಲು ಯಾವುದೋ ಖಾಸಗಿ ಕಂಪನಿ ಮೋಟರ್ ದೋಣಿ ತಂದು ಬಿಟ್ಟಿತ್ತು. ದೋಣಿಯ ತಳದಲ್ಲಿ ನೀರಿನ ಆಳ ಅಳೆಯುವ ಹಳೇ ಯಂತ್ರ, ಮುಂದುಗಡೆ ಹೊಚ್ಚ ಹೊಸ ಸ್ಕ್ರೀನು. ಹಳೆಯದರ ಭಾಷೆ ಹೊಸದಕ್ಕೆ ತಿಳಿಯದು. ಮದುವೆ ದಲ್ಲಾಳಿಯ ಹಾಗೆ ನಡುವೆ ಕೂತು ಇದರ ಮಾತನ್ನು ಅದಕ್ಕೆ ಮುಟ್ಟಿಸುವ ಕನ್ವರ್ಟರೇ ಈ ಡಬ್ಬಿ. ಸಂಜೆ ಇಂಜಿನಿಯರ್ ಶಿವಮೂರ್ತಿ ಬರುವಷ್ಟರಲ್ಲಿ ಸ್ಕ್ರೀನಿನ ಮೇಲೆ ಆಳ ಮೂಡಿದರೆ, ಸರ್ವೆ ನಡೆಯುವ ಒಂದು ವರ್ಷವೂ ದೋಣಿಯ ನೌಕರಿ ಅನಂತರಾಜುವಿನದು. ಮೂಡದೆ ಎಲ್ಲಿಗೆ ಹೋಗುತ್ತದೆ ಎಂದು ಅವನು ಬೆಳಿಗ್ಗೆಯೇ ಅಂಗಡಿಯ ಬೀಗದ ಕೈ ಭಾಮೈದನಿಗೆ ಕೊಟ್ಟು, "ಬೋರ್ಡಿಗೆ ನಿನ್ ಹೆಸ್ರೇ ಬರ್ಸ್ಕೊಳೋ" ಎಂದು ಹೊರಟು ಬಂದಿದ್ದ.

ದಡದಿಂದ ದೂರದಲ್ಲಿ ನಿಂತಿದ್ದ ದೋಣಿಗೆ ಅವನನ್ನು ಮುಟ್ಟಿಸಿದವನು ತೆಪ್ಪದ ಗಂಗಣ್ಣ, ಬಿದಿರು ಗಳ ಊರಿಕೊಂಡು. ನೋಡುವ ಚಪಲಕ್ಕೆ ರಿಟೈರ್ಡ್ ಮೇಷ್ಟ್ರು ನರಸಯ್ಯನವರೂ ದಡದಲ್ಲಿ ಮೀನು ಹುರಿಯುವ ಹೊಂಬಾಳಮ್ಮನೂ ಜೊತೆಗೆ ಹತ್ತಿಕೊಂಡರು.

ಅನಂತರಾಜು ಬ್ಯಾಟರಿಯಿಂದ ಡಬ್ಬಿಗೆ ಕರೆಂಟು ಕೊಟ್ಟ. ಹಳೇ ಯಂತ್ರದಿಂದ ಬಂದ ಹಳದಿ, ಹಸಿರು ವೈರುಗಳನ್ನು ಕೈಗೆತ್ತಿಕೊಂಡ.

"ಹಳದಿ ಪ್ಲಸ್ಸು ಕಣಯ್ಯಾ," ಎಂದರು ಮೇಷ್ಟ್ರು.

"ಪ್ಲಸ್ಸೋ ಮೈನಸ್ಸೋ, ಮೊದ್ಲು ಅದಕ್ಕೊಂಚೂರು ಕುಂಕುಮ ಇಡಪ್ಪ," ಎಂದಳು ಹೊಂಬಾಳಮ್ಮ.

ಮೇಷ್ಟ್ರ ಮಾತು ಕೇಳಿ ಜೋಡಿಸಿದ್ದಕ್ಕೆ ಸ್ಕ್ರೀನಿನಲ್ಲಿ ಬರೀ ಗೀಟು ಬಂತು. ವೈರು ಅದಲು ಬದಲು ಮಾಡಿದ. ಡಬ್ಬಿಯ ಹಸಿರು ದೀಪ ಮಿಣಕ್ ಎಂದಿತು, ಸ್ಕ್ರೀನಿನ ಮೇಲೆ ಅಂಕಿ ಮೂಡಿತು: ಮೂರೂ ಕಾಲು ಅಡಿ.

"ಬಂತು ನೋಡಿ! ವೈರ್ ಅಂದ್ರೆ ವೈರೇ, ನೀರಲ್ಲಾದ್ರೇನು, ನೆಲದಲ್ಲಾದ್ರೇನು!" ಎಂದು ಅನಂತರಾಜು ಕಾಲರ್ ಏರಿಸಿದ.

ನರಸಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂರಡಿನಾ? ಲೋ, ನಾನು ಈಜು ಕಲ್ತಿದ್ದೇ ಇಲ್ಲಿ. ನಾಲ್ಕಾಳು ನೀರು ಕಣಯ್ಯಾ ಇದು! ಒಬ್ಬರ ಮೇಲೊಬ್ಬರು ನಾಲ್ಕು ಜನ ನಿಂತ್ರೂ ತಲೆ ಕಾಣಲ್ಲ."

"ಹೂಂ, ನಮ್ಮತ್ತೇನೂ ನಾಲ್ಕಾಳು ಅಂತಲೇ ಅಂತಿದ್ರು," ಎಂದು ಹೊಂಬಾಳಮ್ಮ ಸಾಕ್ಷಿ ನುಡಿದಳು.

ಗಂಗಣ್ಣ ತೆಪ್ಪದಿಂದಲೇ, "ನನ್ ಗಳ ಇಳಿಬುಟ್ಟು ನೋಡಾಣ್ವಾ?" ಎಂದ.

"ಸುಮ್ನಿರು ಗಂಗಣ್ಣ, ಇದು ಕಂಪ್ಯೂಟರ್ ಕೆಲ್ಸ. ಬಿದಿರು ಗಿದಿರು ತರ್ಬೇಡ," ಎಂದು ಗದರಿದ ಅನಂತರಾಜು. ಗಂಗಣ್ಣ ದಡಕ್ಕೆ ಹೋಗಿ ಬೀಡಿ ಹಚ್ಚಿದ.

ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದರೂ ಹಾಳು ಅಂಕಿ ಅಲ್ಲಾಡಲಿಲ್ಲ. ಅಷ್ಟರಲ್ಲಿ ಏರಿಯ ಮೇಲೆ ಇಂಜಿನಿಯರ್ ಜೀಪು ಕಾಣಿಸಿತು. ಆದರೆ ಅನಂತರಾಜು ಸೋಲುವ ಆಸಾಮಿಯಲ್ಲ. ಸೆಟ್ಟಿಂಗ್ ತಡಕಾಡಿದಾಗ, ಬಂದ ಆಳಕ್ಕೆ ಇಷ್ಟು ಕೂಡಿಸು ಎಂದು ಹೇಳುವ ಜಾಗ ಸಿಕ್ಕಿತು. ಹತ್ತೊಂಬತ್ತು ಒತ್ತಿದ. ಸ್ಕ್ರೀನು ಇಪ್ಪತ್ತೆರಡೂ ಕಾಲು ತೋರಿಸಿತು.

"ಹಾಂ! ಈಗ ಸರಿಯಾಗಿ ಮಾತಾಡ್ತು," ಎಂದು ಮೇಷ್ಟ್ರು ಬೆನ್ನು ತಟ್ಟಿದರು.

ಗಂಗಣ್ಣನ ತೆಪ್ಪದಲ್ಲಿ ಬಂದ ಶಿವಮೂರ್ತಿ ಸ್ಕ್ರೀನು ನೋಡಿ ಹಿರಿಹಿರಿ ಹಿಗ್ಗಿದರು. "ವೆರಿ ಗುಡ್ ರೀ! ಹೂಳು ಜಾಸ್ತಿ ಇರೋದೇ ಈ ಜಾಗ್ದಲ್ಲಿ ಅಂದಿದ್ರು. ಇಲ್ಲೇ ಇಪ್ಪತ್ತೆರಡು ಅಡಿ ನೀರಿದ್ರೆ ಇನ್ನು ಸರ್ವೆ ಯಾಕೆ? ನಾಳೇನೇ ದೋಣಿ ವಾಪಸ್ ಕಳ್ಸಿಬಿಡೋಣ."

ಅನಂತರಾಜುವಿನ ಕಣ್ಣ ಮುಂದೆ ಒಂದು ವರ್ಷದ ನೌಕರಿ ತೇಲಿ ಹೋಯಿತು. "ಸಾರ್, ಒಂದ್ ನಿಮಿಷ, ಅದು..." ಎಂದು ಮುಂದೆ ನುಗ್ಗಿದ. ತಾನೇ ಎಳೆದ ವೈರು ಕಾಲಿಗೆ ಸಿಕ್ಕಿತು. ದಬಾರ್ ಎಂದು ನೀರಿಗೆ ಬಿದ್ದ.

"ಅಯ್ಯಯ್ಯೋ, ನಾಲ್ಕಾಳು ನೀರು! ಹಿಡ್ಕೊಳ್ರಪ್ಪೋ!" ಎಂದು ಹೊಂಬಾಳಮ್ಮ ಬಾಯಿ ಬಡಿದುಕೊಂಡಳು. ಅನಂತರಾಜು ಕೈಕಾಲು ಬಡಿಯುತ್ತಾ ಮನೆದೇವರನ್ನೆಲ್ಲ ಕೂಗಿದ.

ಗಂಗಣ್ಣ ಬೀಡಿಯನ್ನು ಬಾಯಿಂದ ತೆಗೆದು, "ಎದ್ದು ನಿಂತ್ಕಳಪ್ಪ," ಎಂದ.

ಅನಂತರಾಜು ಎದ್ದು ನಿಂತ. ನೀರು ಸೊಂಟದವರೆಗಿತ್ತು.

ಶಿವಮೂರ್ತಿ ಅವನ ಸೊಂಟ ನೋಡಿದರು, ಸ್ಕ್ರೀನು ನೋಡಿದರು. "ಏನ್ರೀ, ಯಂತ್ರ ಸುಳ್ಳು ಹೇಳ್ತಾ?"

"ಇಲ್ಲ ಸಾರ್, ಅದು ಮೂರಡಿ ಅಂತ ನಿಜಾನೇ ಹೇಳ್ತಿತ್ತು. ಮೇಷ್ಟ್ರು ನಾಲ್ಕಾಳು ನೀರು ಅಂದ್ರಲ್ಲಾ ಅಂತ ನಾನೇ ಹತ್ತೊಂಬತ್ತು ಕೂಡಿಸ್ದೆ."

ನರಸಯ್ಯನವರು ಆಕಾಶ ನೋಡತೊಡಗಿದರು.

"ಅಂದ್ರೆ ಮಿಕ್ಕಿದ್ದೆಲ್ಲಾ ಹೂಳು! ಹಂಗಾದ್ರೆ ಸರ್ವೆ ನಡೀಲೇಬೇಕು. ಒಂದು ವರ್ಷದ ಕೆಲ್ಸ ಗ್ಯಾರಂಟಿ," ಎಂದರು ಶಿವಮೂರ್ತಿ. ಅನಂತರಾಜುವಿನ ಮುಖ ಅರಳಿತು. ಸಾಹೇಬರು ತೆಪ್ಪದ ಕಡೆ ತಿರುಗಿದರು. "ಗಂಗಣ್ಣಾವ್ರೇ, ನಿಮ್ ಗಳ ಎಷ್ಟುದ್ದ ಇದೆ? ಅಡಿಅಡಿಗೂ ಗುರುತು ಹಾಕ್ಕೊಂಡು ನಾಳೆಯಿಂದ ನೀವು ದೋಣಿಗೆ ಬನ್ನಿ. ಬಿದಿರಿಗೆ ಯಾರೂ ಕೂಡ್ಸಕ್ಕಾಗಲ್ಲ."

ಅನಂತರಾಜು ಕನ್ವರ್ಟರ್ ಬಿಚ್ಚಿ ಸಾಹೇಬರ ಕೈಗೆ ಕೊಟ್ಟ. ತನ್ನ ಫೋನು ನೀರು ಕುಡಿದಿದ್ದರಿಂದ ಹೊಂಬಾಳಮ್ಮನ ಫೋನಿನಿಂದ ಭಾಮೈದನಿಗೆ ಕರೆ ಮಾಡಿದರೆ, "ಬೋರ್ಡು ಮಸ್ತಾಗಿ ಬಂದೈತೆ ಭಾವ, ಪೇಂಟ್ ಒಣಗ್ತೈತೆ," ಎಂದ ಅವನು.

ದಡಕ್ಕೆ ವಾಪಸ್ ಬರುವಾಗ ಗಂಗಣ್ಣ ಮೆಲ್ಲಗೆ ಕೇಳಿದ, "ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ನಾಳೆಯಿಂದ ನನ್ ತೆಪ್ಪಕ್ಕೆ ಒಬ್ರು ಬೇಕು. ಇನ್ನೊಂದ್ ಗಳ ಮನೇಲೈತೆ. ಬತ್ತೀಯಾ?"

ಅನಂತರಾಜು ಒದ್ದೆ ಅಂಗಿ ಹಿಂಡಿಕೊಂಡ. ಆಮೇಲೆ ಹಳೇ ಗತ್ತಿನಲ್ಲೇ, "ಇದೇನ್ ಮಹಾ, ಕೊಡಿಲ್ಲಿ," ಎಂದು ಗಳಕ್ಕೆ ಕೈಯಿಟ್ಟ. "ಯಾವ ತುದಿ ಕೆಳಗೆ?"

"ಯಾವ್ದಾದ್ರೂ ನಡೀತದೆ ಬುಡು," ಎಂದ ಗಂಗಣ್ಣ. "ಇದಕ್ಕೆ ಪ್ಲಸ್ಸು ಮೈನಸ್ಸು ಇಲ್ಲ."