ಒಂದೇ ಭಾನುವಾರಕ್ಕೆ ಮುಗಿಯಬೇಕಿದ್ದ ಡ್ರ್ಯಾಗನ್

ಮ್ಯೂನಿಕ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಭಾನುವಾರ ಯುದ್ಧ ನಡೆಯಬೇಕು; ಪ್ರತಿ ಸಲ ನಡೆಯುವುದು ಮಾತ್ರ ಬೇರೆ ಏನೋ. ದಾಳ ಉರುಳಿಸಿ, ಬಾಯಲ್ಲೇ ಕಥೆ ಕಟ್ಟುತ್ತಾ ಆಡುವ ಆಟ ನಮ್ಮದು. ವೀರರು ಇಬ್ಬರು: ಇಂಗೋಲ್‌ಸ್ಟಾಟ್‌ನ ಕಾರು ಕಂಪನಿಯಲ್ಲಿರುವ ನನ್ನ ಬೆಂಗಳೂರಿನ ಗೆಳೆಯ, ಇಲ್ಲೇ ಓದುತ್ತಿರುವ ಉಡುಪಿಯ ಹುಡುಗಿ. ಡ್ರ್ಯಾಗನ್, ಕಾವಲುಗಾರ, ಕಮ್ಮಾರ, ಉಳಿದ ಪಾತ್ರವೆಲ್ಲ ನನ್ನದು. ಗಡಿಬಿಡಿಯಲ್ಲಿ ತಯಾರಿಸಿದ ಕಥೆ ಒಂದೇ ದಿನದಲ್ಲಿ ಮುಗಿಯಲಿ ಎಂಬುದಷ್ಟೇ ನನ್ನ ಆಸೆ.

೧. ಕಾವಲುಗಾರ

ಮೊದಲ ಕಥೆಯನ್ನು ಇಲ್ಲಿನ ಲೋಕಲ್ ರೈಲು ಎಸ್‌-ಬಾನ್‌ನಲ್ಲಿ ಕೂತು ತಯಾರಿಸಿದೆ. ಗುಹೆ, ನಿಧಿ, ಡ್ರ್ಯಾಗನ್ ಎಲ್ಲ ಸಿದ್ಧ. ಕೋಟೆ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಸುಮ್ಮನೆ ನಿಲ್ಲಿಸಿದ್ದೆ.

ಉಡುಪಿಯವಳು ಅವನನ್ನೇ ಹಿಡಿದುಕೊಂಡಳು. "ನಿಮ್ಮ ಊರು ಯಾವುದು ಮಾರಾಯ್ರೆ?"

ಅದಕ್ಕೆ ನನ್ನ ತಯಾರಿ ಇರಲಿಲ್ಲ. ಅವಳ ಮುಖ ನೋಡಿ ಬಾಯಿಗೆ ಬಂದದ್ದು ಹೇಳಿದೆ: "ಕುಂದಾಪುರದ ಹತ್ರ."

"ಹೌದಾ! ಅಲ್ಲಿ ಯಾರ ಮನೆ?"

ಕತ್ತಲಾಗುವಷ್ಟರಲ್ಲಿ ಕಾವಲುಗಾರ ಅವಳ ಚಿಕ್ಕಮ್ಮನ ಗಂಡನ ಕಡೆಯ ನೆಂಟನಾಗಿದ್ದ. ಡ್ರ್ಯಾಗನ್ ಗುಹೆಯಲ್ಲಿ ಕಾಯುತ್ತಲೇ ಇತ್ತು.

೨. ಲಾಳ

ಎರಡನೇ ಸಲ ಕಾವಲುಗಾರನನ್ನು ತೆಗೆದು ಕುದುರೆ ಕೊಟ್ಟೆ. ಹಿಮದ ದಾರಿ, ನೇರ ಗುಹೆಗೆ.

"ಗುರು, ಹಿಮ ಅಂತೀಯ. ಇಲ್ಲಿ ಚಳಿಗಾಲದಲ್ಲಿ ಕಾರಿಗೇ ವಿಂಟರ್ ಟೈರ್ ಬೇಕು. ಕುದುರೆಗೆ ವಿಂಟರ್ ಲಾಳ ಹಾಕಿಸಿದೀಯಾ?" ಅಂದ ಇಂಗೋಲ್‌ಸ್ಟಾಟ್‌ನವನು.

ಕಮ್ಮಾರನ ಹತ್ತಿರ ಹೋದರು. ನನಗೆ ರೇಗಿತ್ತು. ಕಮ್ಮಾರನಾಗಿ ಕೇಳಿದೆ, "ಟೆರ್ಮಿನ್ ತಗೊಂಡಿದೀರಾ? ಅಪಾಯಿಂಟ್ಮೆಂಟೇ ಇಲ್ವಾ? ಹಾಗಾದ್ರೆ ಮುಂದಿನ ತಿಂಗಳು ಬನ್ನಿ."

ಕತ್ತಿ ಇದ್ದ ವೀರರು ಚಕಾರ ಎತ್ತದೆ ವಾಪಸ್ ಹೋದರು. ಜರ್ಮನಿಯಲ್ಲಿ ಇಷ್ಟು ವರ್ಷ ಇದ್ದವರು, ಟೆರ್ಮಿನ್ ಇಲ್ಲ ಅಂದಮೇಲೆ ಮುಗಿಯಿತು.

ಎರಡು ಭಾನುವಾರದಿಂದ ಊಟದ ಮೇಜು ಸಿಗದ ನನ್ನ ಹೆಂಡತಿ ಆಗ ಕಡ್ಡಿ ಮುರಿದಂತೆ ಹೇಳಿದಳು: "ಇನ್ನೊಂದೇ ಸಲ. ಅದೂ ಒಂದೇ ದಿನಕ್ಕೆ ಮುಗೀಬೇಕು. ಇಲ್ದಿದ್ರೆ ಈ ಮೇಜು ನಿಮಗೆ ಸಿಗಲ್ಲ."

೩. ಡ್ರ್ಯಾಗನ್

ಈ ಸಲ ಕುಕ್ಕರ್ ಕೂಗುವಷ್ಟರಲ್ಲಿ ಕಥೆ ತಯಾರು. ವೀರರು ಕಣ್ಣು ಬಿಟ್ಟರೆ ಗುಹೆ, ಹಿಂದೆ ಬಾಗಿಲು ಬಂದ್, ಎದುರಿಗೆ ಡ್ರ್ಯಾಗನ್. ಹೊಡೆದಾಡದೆ ಬೇರೆ ದಾರಿಯೇ ಇಲ್ಲ. ಇಂಗೋಲ್‌ಸ್ಟಾಟ್‌ನವನ ರೈಲು ರದ್ದಾದ್ದರಿಂದ ಅವನ ಜಾಗದಲ್ಲಿ ಹೆಂಡತಿಯೇ ಕೂತಳು.

ನಾನು ಎದ್ದು ನಿಂತು ಡ್ರ್ಯಾಗನ್‌ನಂತೆ ಘರ್ಜಿಸಿದೆ.

"ಊಟ ಆಯ್ತಾ?" ಅಂದಳು ಹೆಂಡತಿ.

ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡಿ, ಡ್ರ್ಯಾಗನ್ ಬಾಯಿಂದ ಬಂದೇಬಿಟ್ಟಿತು: "ಆಯ್ತು. ನಿಮ್ದು?"

"ಇನ್ನೂ ಇಲ್ಲ."

ಊಟ ಆಗಿಲ್ಲ ಅಂದವರನ್ನು ಸುಡುವುದು ಹೇಗೆ? ಡ್ರ್ಯಾಗನ್ ಎಲೆ ಹಾಕಿಸಿತು. ಉಡುಪಿಯವಳು ಸಾರನ್ನು ಎರಡು ಸಲ ಹಾಕಿಸಿಕೊಂಡಳು. ಉಂಡ ಮೇಲೆ ಕತ್ತಿ ಎತ್ತಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಸಂಕೋಚಕ್ಕೆ ಬಿದ್ದ ಡ್ರ್ಯಾಗನ್ ನಿಧಿಯನ್ನೂ ಕೊಟ್ಟು, ಉಳಿದ ಹೋಳಿಗೆಯನ್ನು ಡಬ್ಬಿಗೆ ಹಾಕಿ ಕಳಿಸಿತು. ಯುದ್ಧ ಆಗದಿದ್ದರೂ ಚಿಂತೆಯಿಲ್ಲ, ಮೇಜು ಉಳಿಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ.

"ಕಥೆ ಮುಗೀತು!" ಎಂದು ದಾಳ ಎತ್ತಿಡಲು ಹೋದೆ.

ಹೆಂಡತಿ ತಡೆದಳು. "ಹೇಗ್ರೀ ಮುಗಿಯತ್ತೆ? ಡ್ರ್ಯಾಗನ್ ಅವರ ಡಬ್ಬಿ ನಮ್ಮ ಹತ್ರಾನೇ ಇದೆ. ಖಾಲಿ ವಾಪಸ್ ಕೊಡಕ್ಕಾಗತ್ತಾ? ಬರೋ ಭಾನುವಾರ ಎಲ್ಲರೂ ಬನ್ನಿ, ಏನಾದ್ರೂ ಮಾಡ್ಕೊಂಡು ಹೋಗಿ ಕೊಟ್ಟು ಬರೋಣ."